ಹೆದರಿದ ಕುದುರೆ ಮತ್ತೆ ಮನುಷ್ಯನನ್ನು ನಂಬೀತೇ?

ಮಂಗಳೂರಿನ ಉತ್ತರಕ್ಕೆ ಸುರತ್ಕಲ್ಲಿನ ಬಳಿ ಇರುವ ಕಾಟಿಪಳ್ಳ, ನವಮಂಗಳೂರು ಬಂದರಿಗಾಗಿ ಪಣಂಬೂರಿನ ಕಡೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳು ಬಂದು ನೆಲೆಸಿದ ಊರು. ಅಲ್ಲಿನ ಪ್ರೌಢಶಾಲೆಯೊಂದರ ವಿಜ್ಞಾನ ಸಂಘದಲ್ಲಿ ಒಮ್ಮೆ ಪ್ರಾಣಿಗಳ ವರ್ತನೆಯ ಬಗ್ಗೆ ಮಾತನಾಡುವ ಅವಕಾಶ ನನಗೆ ಒದಗಿತ್ತು. ಕರಾವಳಿಯ ಮಕ್ಕಳಿಗೆ ಕಂಬಳದ ಕೋಣ ಗೊತ್ತು, ಹಟ್ಟಿಯ ದನ ಗೊತ್ತು. ಕುದುರೆ ಮಾತ್ರ ಮೆರವಣಿಗೆಯ ದಿನ ಕಾಣಸಿಗುವ ಅತಿಥಿ. ಮಾತು ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಮೊನ್ನೆ ಮದುವೆಯ ದಿಬ್ಬಣದಲ್ಲಿ ಒಂದು ಕುದುರೆ ಇತ್ತು. ತಲೆಯ ಮೇಲಿನ ಶಾಲು ಸರಿಮಾಡಿಕೊಳ್ಳಲು ನಾನು ಕೈ ಎತ್ತಿದೆ, ಅಷ್ಟೆ. ಅದು ಕತ್ತು ಮೇಲಕ್ಕೆತ್ತಿ ಹಿಂದೆ ಹಿಂದೆ ಹೋಯಿತು. ಯಾರೋ ಅದಕ್ಕೆ ತುಂಬ ಹೊಡೆದಿರಬೇಕು. ಹೊಡೆದವರು ಬೇರೆ ತಾನೇ, ಅದು ನನಗೆ ಯಾಕೆ ಹೆದರಬೇಕು?"

ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಅವಳ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆಯೂ ಇತ್ತು: ಅಂಥ ಕುದುರೆ ಮತ್ತೆ ಮನುಷ್ಯನನ್ನು ನಂಬುವಂತೆ ಮಾಡಬಹುದೇ? ಮಾಡಬಹುದಾದರೆ ಹೇಗೆ? ಇದು ಕೇವಲ ಕರುಣೆಯ ವಿಷಯವಲ್ಲ. ಕಳೆದ ಕೆಲವು ದಶಕಗಳಲ್ಲಿ ಈ ಬಗ್ಗೆ ಸಾಕಷ್ಟು ಪ್ರಯೋಗಗಳು ನಡೆದಿವೆ. ಅವುಗಳ ಆಧಾರದ ಮೇಲೆ ಅಂದಿನ ಉತ್ತರವನ್ನು ಇಲ್ಲಿ ಪೂರ್ಣಗೊಳಿಸಲು ಪ್ರಯತ್ನಿಸಿದ್ದೇನೆ.

ಮೊದಲು ಒಂದು ಸಂಗತಿ ಸ್ಪಷ್ಟವಾಗಬೇಕು. ಟಾಂಗಾ ಎಳೆದು ಸವೆದ ಕುದುರೆ, ಮೆರವಣಿಗೆಯ ಕುದುರೆ, ಪಂದ್ಯದ ಓಟ ಮುಗಿಸಿ ಕೈಯಿಂದ ಕೈಗೆ ಮಾರಾಟವಾದ ಕುದುರೆ - ಇಂಥವು ಕೊನೆಗೆ ಪ್ರಾಣಿದಯಾ ಸಂಘಗಳ ಆಶ್ರಯಕ್ಕೆ ಬರುವುದುಂಟು. ಹಾಗೆ ಬಂದ ಕುದುರೆ ಮನುಷ್ಯನನ್ನು ಹತ್ತಿರ ಬಿಡಗೊಡದಿದ್ದರೆ ಏನಾಗುತ್ತದೆ? ಗಾಯಕ್ಕೆ ಔಷಧಿ ಹಚ್ಚಲಾಗುವುದಿಲ್ಲ. ಬೆಳೆದ ಗೊರಸನ್ನು ಕತ್ತರಿಸಲಾಗುವುದಿಲ್ಲ. ಧನುರ್ವಾಯು ತಡೆಯುವ ಚುಚ್ಚುಮದ್ದು ಕೊಡಲಾಗುವುದಿಲ್ಲ. ಗ್ಲ್ಯಾಂಡರ್ಸ್ ಎಂಬ, ಮನುಷ್ಯರಿಗೂ ಹರಡಬಲ್ಲ ಮಾರಕ ರೋಗ ಅದಕ್ಕೆ ಇದೆಯೇ ಇಲ್ಲವೇ ಎಂದು ತಿಳಿಯಲು ಕತ್ತಿನ ರಕ್ತನಾಳದಿಂದ ರಕ್ತ ತೆಗೆಯಬೇಕು, ಅದೂ ಕಷ್ಟ. ನಾನೂರು ಕಿಲೋ ತೂಕದ ಪ್ರಾಣಿಯನ್ನು ನಾಲ್ಕು ಜನ ಸೇರಿ ಹಗ್ಗ ಹಾಕಿ ಬಲವಂತದಿಂದ ಹಿಡಿದರೆ ಒಂದು ಸಲ ಕೆಲಸ ಆದೀತು. ಮುಂದಿನ ಸಲ ಎಂಟು ಜನ ಬೇಕಾದಾರು, ಒಬ್ಬನ ಪಕ್ಕೆಲುಬೂ ಮುರಿದೀತು. ಆದ್ದರಿಂದ ರಕ್ಷಿಸಿದ ಕುದುರೆಯ ಮಟ್ಟಿಗೆ ವಿಶ್ವಾಸ ಎಂಬುದು ಚಿಕಿತ್ಸೆಯ ನಂತರ ಬರುವ ಅಲಂಕಾರವಲ್ಲ, ಚಿಕಿತ್ಸೆಯ ಮೊದಲ ಭಾಗ.

ಓಡಲು ಹುಟ್ಟಿದ ಪ್ರಾಣಿ

ಕುದುರೆ ಬಯಲು ಹುಲ್ಲುಗಾವಲಿನಲ್ಲಿ ವಿಕಾಸಗೊಂಡ ಪ್ರಾಣಿ. ಕೊಂಬಿಲ್ಲ, ಕೋರೆಯಿಲ್ಲ, ಅದರ ರಕ್ಷಣೆಯೆಲ್ಲ ಬೇಗ ಕಂಡುಕೊಳ್ಳುವುದರಲ್ಲಿ ಮತ್ತು ಬೇಗ ಓಡುವುದರಲ್ಲಿ. ನೆಲವಾಸಿ ಸಸ್ತನಿಗಳಲ್ಲೇ ಅತಿ ದೊಡ್ಡ ಕಣ್ಣುಗಳುಳ್ಳ ಪ್ರಾಣಿಗಳಲ್ಲಿ ಕುದುರೆಯೂ ಒಂದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಅದು ತಲೆ ತಿರುಗಿಸದೆಯೇ ಸುತ್ತಲಿನ ಸುಮಾರು 350 ಡಿಗ್ರಿಗಳಷ್ಟನ್ನು ನೋಡಬಲ್ಲದು. ಕಾಣದೇ ಉಳಿಯುವುದು ಎರಡೇ ಜಾಗ: ಬಾಲದ ಹಿಂದೆ ಒಂದು ಕಿರಿದಾದ ಪಟ್ಟಿ ಮತ್ತು ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಸ್ವಲ್ಪ ಜಾಗ. ಈಗ ನಾವು ಪ್ರೀತಿ ತೋರಿಸಲು ಏನು ಮಾಡುತ್ತೇವೆ? ನೇರ ಎದುರಿನಿಂದ ಹೋಗಿ ಹಣೆಗೆ ಕೈ ಚಾಚುತ್ತೇವೆ. ಕುದುರೆಯ ದೃಷ್ಟಿಯಲ್ಲಿ ಆ ಕೈ ಹತ್ತಿರ ಬರುತ್ತಿದ್ದಂತೆ ಮಾಯವಾಗುತ್ತದೆ! ಮುಖಕ್ಕೆ ಪೆಟ್ಟು ತಿಂದ ಕುದುರೆಗೆ ಇದಕ್ಕಿಂತ ಭಯಾನಕವಾದದ್ದು ಬೇರೆ ಇರಲಾರದು.

ಅದರ ಕಣ್ಣಿನ ಇನ್ನೂ ಕೆಲವು ಗುಣಗಳನ್ನು ತಿಳಿದಿರಬೇಕು. ನೀಲಿ, ಹಳದಿಗಳನ್ನು ಅದು ಬೇರೆ ಬೇರೆಯಾಗಿ ಗುರುತಿಸುತ್ತದೆ, ಕೆಂಪು ಹಸಿರುಗಳ ವ್ಯತ್ಯಾಸ ಅದಕ್ಕೆ ಸ್ಪಷ್ಟವಲ್ಲ. ಚಲನೆಯನ್ನು ಮಾತ್ರ ಬಹಳ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳುವುದು ನಮಗಿಂತ ನಿಧಾನ. ಬಿಸಿಲಿನಿಂದ ಕತ್ತಲೆಯ ಲಾಯದೊಳಗೆ ಕಾಲಿಡಲು ಕುದುರೆ ಹಿಂಜರಿದರೆ ಅದನ್ನು ಮೊಂಡುತನ ಎಂದು ಹೊಡೆಯುವವರಿದ್ದಾರೆ. ಪಾಪ, ಅದಕ್ಕೆ ಒಳಗೆ ಏನೂ ಕಾಣುತ್ತಿರುವುದಿಲ್ಲ. ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ನಮ್ಮ ಶ್ರವಣದ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳಾದರೆ ಕುದುರೆಯದು 33,000ಕ್ಕೂ ಮೇಲೆ ಹೋಗುತ್ತದೆ. ನಮಗೆ ನಿಶ್ಶಬ್ದವಾಗಿ ತೋರುವ ಕೋಣೆ ಅದಕ್ಕೆ ನಿಶ್ಶಬ್ದವಲ್ಲ.

ಈಗ ಕಾಟಿಪಳ್ಳದ ಹುಡುಗಿಯ ಪ್ರಶ್ನೆಗೆ ಬರೋಣ. ಹುಲ್ಲುಗಾವಲಿನಲ್ಲಿ ಪೊದೆ ಅಲುಗಿತು ಎಂದುಕೊಳ್ಳಿ. ಅದು ಗಾಳಿಯೂ ಆಗಿರಬಹುದು, ತೋಳವೂ ಆಗಿರಬಹುದು. ಗಾಳಿಗೆ ಹೆದರಿ ಓಡಿದ ಕುದುರೆ ಕಳೆದುಕೊಳ್ಳುವುದು ನಾಲ್ಕು ಬಾಯಿ ಹುಲ್ಲು. ತೋಳವನ್ನು ಗಾಳಿಯೆಂದು ತಿಳಿದ ಕುದುರೆ ಕಳೆದುಕೊಳ್ಳುವುದು ಪ್ರಾಣ. ಆದ್ದರಿಂದ ಸುಳ್ಳು ಎಚ್ಚರಿಕೆಗಳನ್ನು ಧಾರಾಳವಾಗಿ ಕೊಡುವ ಮಿದುಳೇ ಉಳಿದು ಬಂದಿದೆ. ಒಬ್ಬ ಮನುಷ್ಯ ಕೈ ಎತ್ತಿದ ಮೇಲೆ ನೋವಾಯಿತು ಎಂದರೆ, ಆ ಮಿದುಳು ಆ ಒಬ್ಬನನ್ನಷ್ಟೇ ಅಲ್ಲ, ಮೇಲೇಳುವ ಎಲ್ಲ ಕೈಗಳನ್ನೂ ಒಂದೇ ಪಟ್ಟಿಗೆ ಸೇರಿಸುತ್ತದೆ. ಮನೋವಿಜ್ಞಾನದಲ್ಲಿ ಇದಕ್ಕೆ ಸಾಮಾನ್ಯೀಕರಣ ಎನ್ನುತ್ತಾರೆ. ಪಾವ್ಲೋವನ ನಾಯಿ ಒಂದು ಶಬ್ದಕ್ಕೆ ಜೊಲ್ಲು ಸುರಿಸಲು ಕಲಿತ ಮೇಲೆ ಅದನ್ನು ಹೋಲುವ ಇತರ ಶಬ್ದಗಳಿಗೂ ಸುರಿಸುತ್ತಿದ್ದುದು ಇದೇ ಕಾರಣಕ್ಕೆ. ದಿಬ್ಬಣದ ಕುದುರೆ ಹೆದರಿದ್ದು ಆ ಹುಡುಗಿಗಲ್ಲ, ಮೇಲೆದ್ದ ಕೈಗೆ.

ಅಪನಂಬಿಕೆಯೋ, ನೋವೋ?

ವಿಶ್ವಾಸ ಗಳಿಸುವ ಉತ್ಸಾಹದಲ್ಲಿ ಬಹಳ ಜನ ಮರೆಯುವ ಹಂತ ಒಂದಿದೆ. ಕಚ್ಚಲು ಬರುವ, ಜೀನು ಕಂಡೊಡನೆ ಕಿವಿ ಹಿಂದಕ್ಕೆ ಮಡಚುವ ಕುದುರೆಗೆ ಮನಸ್ಸಿನಲ್ಲಿ ಭಯವಿದೆಯೋ ಅಥವಾ ಮೈಯಲ್ಲಿ ನೋವಿದೆಯೋ ಎಂಬುದನ್ನು ಮೊದಲು ನೋಡಬೇಕು. ಭಾರ ಎಳೆಯುವ, ಹೊರುವ ಪ್ರಾಣಿಗಳಿಗೆ ಮುಳ್ಳಿನ ಕಡಿವಾಣ ಹಾಕುವುದನ್ನು ನಮ್ಮ ದೇಶದಲ್ಲಿ 1965ರ ನಿಯಮಗಳೇ ನಿಷೇಧಿಸಿವೆ. ಹಾಗಿದ್ದರೂ ಅಂಥ ಕಡಿವಾಣಗಳಿಂದ ತುಟಿಯ ಅಂಚು, ನಾಲಿಗೆ ಹರಿದ ಕುದುರೆಗಳು ಪಶುವೈದ್ಯರ ಬಳಿಗೆ ಬರುತ್ತಿರುತ್ತವೆ. ಕುದುರೆಯ ಹಲ್ಲು ಜೀವಮಾನದ ಬಹುಭಾಗ ಹುಟ್ಟುತ್ತಲೇ, ಸವೆಯುತ್ತಲೇ ಇರುತ್ತದೆ. ಸವೆತ ಸಮವಾಗಿರದಿದ್ದರೆ ಅದರ ಚೂಪು ಅಂಚು ಕೆನ್ನೆಯ ಒಳಭಾಗವನ್ನು ಕೊರೆಯುತ್ತದೆ. ಅದರ ಜಠರದಲ್ಲಿ ಆಮ್ಲ ದಿನವಿಡೀ ಸ್ರವಿಸುತ್ತದೆ, ತಿನ್ನಲಿ ಬಿಡಲಿ. ಹೊಟ್ಟೆ ಬರಿದಾಗಿದ್ದರೆ ಹುಣ್ಣು ಖಚಿತ ಎನ್ನಬಹುದು.

ನೋವನ್ನು ಗುರುತಿಸಲು 2014ರಲ್ಲಿ ಯೂರೋಪಿನ ಸಂಶೋಧಕರು ಕುದುರೆಯ ಮುಖಚಹರೆಯ ಒಂದು ಅಳತೆಗೋಲನ್ನು ಪ್ರಕಟಿಸಿದರು. ಬಿಗಿಯಾಗಿ ಹಿಂದಕ್ಕೆ ತಿರುಗಿದ ಕಿವಿ, ಅರೆಮುಚ್ಚಿದ ಕಣ್ಣು, ಕಣ್ಣಿನ ಮೇಲಿನ ಬಿಗಿತ, ಎದ್ದು ಕಾಣುವ ದವಡೆಯ ಸ್ನಾಯು, ಬಿಗಿದ ಬಾಯಿ, ಸೆಟೆದ ಹೊಳ್ಳೆ - ಇವಕ್ಕೆ ಒಂದೊಂದಕ್ಕೂ ಅಂಕ ಕೊಟ್ಟು ನೋವಿನ ಪ್ರಮಾಣವನ್ನು ಅಂದಾಜು ಮಾಡಲಾಗುತ್ತದೆ. ಪಶುವೈದ್ಯರಲ್ಲದವರೂ ಸ್ವಲ್ಪ ಅಭ್ಯಾಸದಿಂದ ಇದನ್ನು ಕಲಿಯಬಹುದು.

ಹಸಿದು ಬಂದ ಕುದುರೆಯ ವಿಷಯದಲ್ಲಂತೂ ಪ್ರೀತಿಯೇ ಕೊಲ್ಲಬಹುದು. 1983ರಲ್ಲಿ ಅಮೆರಿಕದ ಹೆನೆಕ್ ಎಂಬ ವಿಜ್ಞಾನಿ ಕುದುರೆಯ ದೇಹಸ್ಥಿತಿಗೆ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿಯನ್ನು ರೂಪಿಸಿದರು. ಒಂದು ಎಂದರೆ ಎಲುಬು ಚರ್ಮ ಮಾತ್ರ. ಇಂಥ ಪ್ರಾಣಿಯನ್ನು ಕಂಡು ಊರವರು ಹುರುಳಿ ಬೇಯಿಸಿ ತರುತ್ತಾರೆ, ಬೆಲ್ಲ ತರುತ್ತಾರೆ. ಹಿಟ್ಟು, ಸಕ್ಕರೆ ಹೆಚ್ಚಾಗಿರುವ ಆಹಾರ ಒಮ್ಮೆಲೇ ಒಳಗೆ ಹೋದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದರ ಪ್ರಭಾವದಿಂದ ರಕ್ತದಲ್ಲಿ ಮೊದಲೇ ಕಡಿಮೆ ಇದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳೊಳಗೆ ನುಗ್ಗುತ್ತವೆ. ಪರಿಣಾಮವಾಗಿ ಕೆಲವೇ ದಿನಗಳಲ್ಲಿ ಹೃದಯ, ಶ್ವಾಸಕೋಶಗಳು ಸೋತು, ಬದುಕಿತೆಂದುಕೊಂಡ ಕುದುರೆ ಸಾಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಇಂಥ ಕುದುರೆಗಳಿಗೆ ಸೂಕ್ತವೆಂದು ಕಂಡುಬಂದದ್ದು ಆಲ್ಫಾಲ್ಫಾ ಸೊಪ್ಪು. ಅದೂ ಸ್ವಲ್ಪ ಸ್ವಲ್ಪವಾಗಿ, ಕೆಲವು ಗಂಟೆಗಳಿಗೊಮ್ಮೆ. ಆಲ್ಫಾಲ್ಫಾಕ್ಕೆ ನಮ್ಮ ರೈತರು ಇಟ್ಟ ಹೆಸರೇನು ಗೊತ್ತೇ? ಕುದುರೆಮಸಾಲೆ!

ಈ ಮಿತವಾದ, ಆದರೆ ಹೊತ್ತಿಗೆ ಸರಿಯಾದ ಊಟದಿಂದ ಇನ್ನೊಂದು ಉಪಕಾರವೂ ಆಗುತ್ತದೆ. ದಿನಕ್ಕೆ ಆರು ಬಾರಿ ಒಬ್ಬ ಮನುಷ್ಯ ಅದೇ ಬಾಗಿಲಿನಿಂದ, ಅದೇ ಸದ್ದು ಮಾಡುತ್ತ ಬರುತ್ತಾನೆ, ಸೊಪ್ಪು ಇಡುತ್ತಾನೆ, ಏನೂ ಕೇಳದೆ ಹೋಗುತ್ತಾನೆ. ಮನುಷ್ಯ ಬಂದರೆ ಮುಂದೇನಾಗುತ್ತದೆ ಎಂಬುದನ್ನು ಕುದುರೆ ಮೊದಲ ಬಾರಿಗೆ ಊಹಿಸಬಲ್ಲದು, ಊಹೆ ನಿಜವೂ ಆಗುತ್ತದೆ. ವಿಶ್ವಾಸದ ತಳಪಾಯ ಇಷ್ಟೇ. ಮಿಕ್ಕದ್ದೆಲ್ಲ ಇದರ ಮೇಲೆ ಕಟ್ಟುವುದು.

ಫಿರಂಗಿಯ ತಾಲೀಮು

ಭಯವನ್ನು ಕಡಿಮೆ ಮಾಡುವ ಒಂದು ವಿಧಾನವನ್ನು ನಮ್ಮ ರಾಜ್ಯದಲ್ಲೇ ಪ್ರತಿ ವರ್ಷ ನೋಡಬಹುದು. ಮೈಸೂರು ದಸರೆಯ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಬೆದರಿ ಆನೆಯೋ ಪೊಲೀಸ್ ಅಶ್ವಾರೋಹಿ ದಳದ ಕುದುರೆಯೋ ಜನರ ನಡುವೆ ಓಡಿದರೆ ಏನಾದೀತು! ಅದಕ್ಕಾಗಿ ಮುಂಚಿತವಾಗಿಯೇ ಕೆಲವು ಸುತ್ತು ತಾಲೀಮು ನಡೆಸುತ್ತಾರೆ. ಆನೆ, ಕುದುರೆಗಳನ್ನು ನಿಲ್ಲಿಸಿ ಸಿಡಿಮದ್ದು ಹಾರಿಸುತ್ತಾರೆ. ಹೊಸ ಪ್ರಾಣಿಗಳು ಮೊದಲ ಸುತ್ತಿನಲ್ಲಿ ಬೆಚ್ಚಿ ಬೀಳುತ್ತವೆ, ಜಗ್ಗಾಡುತ್ತವೆ. ಸುತ್ತುಗಳು ಕಳೆದಂತೆ ಹೆಚ್ಚಿನವು ಕಿವಿ ಅಲುಗಿಸಿ ಸುಮ್ಮನಾಗುತ್ತವೆ. ಸದ್ದಾದರೂ ಕೆಡುಕೇನೂ ಆಗುತ್ತಿಲ್ಲ ಎಂದು ನರಮಂಡಲ ಕಲಿತುಕೊಂಡು ಪ್ರತಿಕ್ರಿಯೆಯನ್ನು ಕೈಬಿಡುತ್ತದೆ. ಇದು ಅಭ್ಯಾಸಗೊಳ್ಳುವಿಕೆ. ಪಕ್ಕದಲ್ಲಿ ಶಾಂತವಾಗಿ ನಿಂತ ಅನುಭವಿ ಪ್ರಾಣಿ ಇದ್ದರೆ ಈ ಕಲಿಕೆ ಬೇಗ ಆಗುತ್ತದೆ. ಹಿಂಡಿನಲ್ಲಿ ಬದುಕುವ ಪ್ರಾಣಿಗೆ ಇನ್ನೊಂದರ ನೆಮ್ಮದಿಯೂ ಒಂದು ಮಾಹಿತಿ.

ಆದರೆ ಇದರಿಂದ ತಪ್ಪು ಪಾಠ ಕಲಿಯಬಾರದು. ಪ್ರಚೋದನೆ ಪ್ರಾಣಿಯ ತಾಳಿಕೆಯ ಮಿತಿಯನ್ನು ಮೀರಿದರೆ ಅಭ್ಯಾಸವಾಗುವ ಬದಲು ಭಯ ಇನ್ನೂ ಹೆಚ್ಚುತ್ತದೆ. ಇಲ್ಲವೇ ಇನ್ನೊಂದು ಅಪಾಯ: ಪ್ರಾಣಿ ಪ್ರತಿಕ್ರಿಯಿಸುವುದನ್ನೇ ನಿಲ್ಲಿಸುತ್ತದೆ. 1858ರಲ್ಲಿ ಅಮೆರಿಕದ ಜಾನ್ ರ‍್ಯಾರಿ ಎಂಬಾತ ಲಂಡನ್ನಿನಲ್ಲಿ ಕ್ರೂಸರ್ ಎಂಬ ಅತಿ ದುಷ್ಟ ಕುದುರೆಯನ್ನು ಪಳಗಿಸಿ ಪ್ರಸಿದ್ಧನಾದ. ಆತನ ವಿಧಾನ ಸರಳ: ಮುಂಗಾಲೊಂದನ್ನು ಮಡಚಿ ಪಟ್ಟಿಯಿಂದ ಕಟ್ಟಿ, ಕುದುರೆ ದಣಿದು ನೆಲಕ್ಕೊರಗುವವರೆಗೆ ಕಾಯುವುದು. ಆ ಕಾಲದ ಚಾವಟಿ, ದೊಣ್ಣೆಗಳಿಗೆ ಹೋಲಿಸಿದರೆ ಇದು ದಯೆಯೇ ಸರಿ. ಆದರೆ ಬಿದ್ದುಕೊಂಡ ಕುದುರೆ ಶಾಂತವಾಗಿತ್ತೋ, ಸೋತಿತ್ತೋ? 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದಂತೆ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಪ್ರಾಣಿ ಮುಂದೆ ದಾರಿ ತೆರೆದಿದ್ದರೂ ಪ್ರಯತ್ನಿಸುವುದಿಲ್ಲ. ಹೊರಗಿನಿಂದ ನೋಡಿದರೆ ಅದು ವಿಧೇಯತೆಯಂತೆ ಕಾಣುತ್ತದೆ. ರಕ್ಷಿಸಿ ತಂದ ಕುದುರೆಗಳಲ್ಲಿ ಅತಿ "ಸಾಧು"ವಾದ, ಕಣ್ಣಲ್ಲಿ ಕಳೆಯಿಲ್ಲದ, ಮುಟ್ಟಿದರೂ ಬಿಟ್ಟರೂ ಒಂದೇ ಎನ್ನುವಂಥವು ಇರುತ್ತವೆ. ನನ್ನ ಅಭಿಪ್ರಾಯದಲ್ಲಿ ಒದೆಯುವ ಕುದುರೆಗಿಂತ ಇದರ ಬಗ್ಗೆಯೇ ಹೆಚ್ಚು ಚಿಂತಿಸಬೇಕು. ಆಹಾರ, ವಿಶ್ರಾಂತಿ ಸಿಕ್ಕ ಮೇಲೆ ಇದು ಒಂದು ದಿನ ತಲೆ ಕೊಡವಿ ದೂರ ಸರಿದರೆ ಅದನ್ನು ಹಿನ್ನಡೆ ಎನ್ನಲಾಗದು.

ಹತ್ತಿರ ಹೋಗಲು ದೂರ ಸರಿಯಬೇಕು

ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹೈನಿ ಹೆಡಿಗರ್ ಪ್ರತಿಯೊಂದು ಪ್ರಾಣಿಗೂ ಒಂದು ಪಲಾಯನ ದೂರ ಇರುತ್ತದೆ ಎಂದು ತೋರಿಸಿದರು. ಆ ಗೆರೆಯನ್ನು ನಾವು ದಾಟಿದೊಡನೆ ಪ್ರಾಣಿ ಜಾಗ ಬಿಡುತ್ತದೆ. ಹೆದರಿದ ಕುದುರೆಗೆ ಇದು ಹತ್ತು ಮೀಟರು ಇರಬಹುದು, ಪಳಗಿದ ಕುದುರೆಗೆ ಸೊನ್ನೆ. ಓಡಲು ಜಾಗವಿಲ್ಲದ ಮೂಲೆಯಲ್ಲಿ ಈ ಗೆರೆ ದಾಟಿದರೆ ಪ್ರಾಣಿ ತಿರುಗಿ ಬೀಳುತ್ತದೆ. ಆದ್ದರಿಂದ ಹೊಸ ಕುದುರೆಯೊಂದಿಗಿನ ಕೆಲಸ ಇಕ್ಕಟ್ಟಾದ ಲಾಯದಲ್ಲಿ ಅಲ್ಲ, ಅದು ಸರಿದುಹೋಗಬಹುದಾದ ಬೇಲಿಯೊಳಗಿನ ಬಯಲಿನಲ್ಲಿ ನಡೆಯಬೇಕು.

ಅಲ್ಲಿ ಮಾಡಬೇಕಾದದ್ದು ಹೀಗೆ. ಕುದುರೆಯ ಭುಜದ ಕಡೆಯಿಂದ, ಅದಕ್ಕೆ ಕಾಣುವಂತೆ, ಓರೆಯಾಗಿ ನಡೆಯುತ್ತ ಹೋಗಿ. ಅದರ ಕತ್ತು ಮೇಲೇಳುವ, ಕಿವಿ ನೆಟ್ಟಗಾಗುವ ಬಿಂದು ಬರುತ್ತದೆ. ಅಲ್ಲಿ ನಿಲ್ಲಿ. ಅದು ಓಡುವುದಕ್ಕೆ ಮೊದಲೇ ನಿಲ್ಲಬೇಕು, ಇದು ಮುಖ್ಯ. ಕಾಯಿರಿ. ಸ್ವಲ್ಪ ಹೊತ್ತಿನಲ್ಲಿ ಅದು ಕತ್ತು ಇಳಿಸಬಹುದು, ಉಸಿರು ಬಿಡಬಹುದು, ನಿಮ್ಮ ಕಡೆ ಒಂದು ಕಿವಿ ತಿರುಗಿಸಬಹುದು. ಆ ಕ್ಷಣವೇ ನೀವು ತಿರುಗಿ ನಾಲ್ಕು ಹೆಜ್ಜೆ ಹಿಂದೆ ನಡೆಯಿರಿ. ಮನುಷ್ಯನನ್ನು ದೂರ ಕಳಿಸಲು ಓಡಬೇಕಾಗಿಲ್ಲ, ಸುಮ್ಮನೆ ನಿಂತರೂ ಸಾಕು ಎಂಬುದನ್ನು ಅದು ಕಲಿಯಿತು. ಮುಂದಿನ ಸಲ ಗೆರೆ ಒಂದು ಹೆಜ್ಜೆ ಒಳಗೆ ಬರುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿದರೆ ಒಂದೇ ಸಲ ಒಂದು ಗಂಟೆ ಮಾಡಿದ್ದಕ್ಕಿಂತ ಉತ್ತಮ.

ಬಿ.ಎಡ್. ತರಗತಿಯಲ್ಲಿ ಸ್ಕಿನ್ನರನನ್ನು ಓದಿದ ಶಿಕ್ಷಕರು ಇಲ್ಲಿರುವ ತತ್ತ್ವವನ್ನು ಗುರುತಿಸಿರುತ್ತಾರೆ. ಇದು ಋಣಾತ್ಮಕ ಪುನರ್ಬಲನ. ನಮ್ಮಲ್ಲಿ ಇದನ್ನು ಶಿಕ್ಷೆ ಎಂದೇ ತಿಳಿದು ಪರೀಕ್ಷೆಯಲ್ಲಿ ಬರೆಯುವವರು ಬಹಳ! ಶಿಕ್ಷೆ ಒಂದು ವರ್ತನೆಯನ್ನು ಕುಗ್ಗಿಸುತ್ತದೆ. ಋಣಾತ್ಮಕ ಪುನರ್ಬಲನವಾದರೋ ಅಹಿತವಾದದ್ದನ್ನು ತೆಗೆದುಹಾಕಿ ಬೇಕಾದ ವರ್ತನೆಯನ್ನು ಹೆಚ್ಚಿಸುತ್ತದೆ. ಕುದುರೆ ಸವಾರಿಯ ಬಹುತೇಕ ಸಂಜ್ಞೆಗಳು ಈ ಬಗೆಯವು: ಲಗಾಮು ಬಿಗಿಯುತ್ತದೆ, ಕುದುರೆ ನಿಲ್ಲುತ್ತದೆ, ಲಗಾಮು ಸಡಿಲವಾಗುತ್ತದೆ. ಕಲಿಸುವುದು ಬಿಗಿತವಲ್ಲ, ಸಡಿಲಿಕೆ. ಅದೂ ಸರಿಯಾದ ವರ್ತನೆಯ ಬೆನ್ನಿಗೇ ಬರಬೇಕು. ಕುದುರೆ ನಿಂತು ಐದು ಸೆಕೆಂಡು ಕಳೆದ ಮೇಲೆ ಲಗಾಮು ಬಿಟ್ಟರೆ, ಆ ಐದನೆಯ ಸೆಕೆಂಡಿನಲ್ಲಿ ತಾನು ಮಾಡುತ್ತಿದ್ದುದಕ್ಕೆ - ಬಹುಶಃ ತಲೆ ಜಗ್ಗುತ್ತಿದ್ದುದಕ್ಕೆ - ಫಲ ಸಿಕ್ಕಿತೆಂದು ಅದು ತಿಳಿಯುತ್ತದೆ. ಎಂದೂ ಲಗಾಮು ಸಡಿಲಿಸದ ಸವಾರನ ಕುದುರೆ "ಬಾಯಿ ಗಟ್ಟಿ" ಎನಿಸಿಕೊಳ್ಳುವುದು ಹೀಗೆ. ತಪ್ಪು ಕುದುರೆಯದಲ್ಲ.

ಇನ್ನು ಆಹಾರದ ವಿಷಯ. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸ್ಯಾಂಕೆ, ಹೌಸ್ಬರ್ಗರ್ ಮುಂತಾದವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಳೆಯ ಕುದುರೆಗಳಿಗೆ ಮಾತಿನ ಆಜ್ಞೆಗೆ ಅಲುಗದೆ ನಿಲ್ಲುವುದನ್ನು ಕಲಿಸಿದರು. ಕೆಲವಕ್ಕೆ ಸರಿಯಾಗಿ ಮಾಡಿದಾಗ ತಿನಿಸು ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ತಿನಿಸು ಪಡೆದವು ಬೇಗ ಕಲಿತವು, ಕಚ್ಚುವುದು, ಒದೆಯುವುದು ಕಡಿಮೆ ಇತ್ತು. ಹಲವು ತಿಂಗಳುಗಳ ನಂತರವೂ ಅವು ಪಾಠವನ್ನು ಮರೆತಿರಲಿಲ್ಲ, ಮನುಷ್ಯರ ಬಳಿಗೆ ತಾವಾಗಿ ಬರುತ್ತಿದ್ದವು. ಅಪರಿಚಿತರ ಬಳಿಗೂ ಬಂದವು ಎಂಬುದು ಸ್ವಾರಸ್ಯ. ಭಯ ಹೇಗೆ ಒಬ್ಬನಿಂದ ಎಲ್ಲರಿಗೂ ಹರಡುತ್ತದೆಯೋ ಹಾಗೆ ಒಳ್ಳೆಯ ನೆನಪೂ ಹರಡುತ್ತದೆ.

ಮುಟ್ಟಲು ಬಿಟ್ಟ ಮೇಲೆ ಎಲ್ಲಿ ಮುಟ್ಟಬೇಕು? ಇದಕ್ಕೂ ಅಳೆದ ಉತ್ತರವಿದೆ. ಕುದುರೆಗಳು ಜೊತೆಗಾರನ ಮೈಯನ್ನು ಹಲ್ಲಿನಿಂದ ಮೆಲ್ಲಗೆ ಕೆರೆಯುವುದನ್ನು ನೋಡಿರಬಹುದು. ಅವು ಹೆಚ್ಚಾಗಿ ಆರಿಸುವುದು ಕತ್ತು ಬೆನ್ನನ್ನು ಸೇರುವಲ್ಲಿರುವ ದಿಬ್ಬದ ಭಾಗವನ್ನು. ಕ್ಲೌಡಿಯಾ ಫೆ ಮತ್ತು ಸಂಗಡಿಗರು 1993ರಲ್ಲಿ ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳ ಆ ಭಾಗವನ್ನು ಕೈಯಿಂದ ಕೆರೆದು ನೋಡಿದಾಗ ಹೃದಯ ಬಡಿತ ಇಳಿಯಿತು. ಬೇರೆ ಕಡೆ ಕೆರೆದಾಗ ಅಷ್ಟು ಇಳಿಯಲಿಲ್ಲ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಎಡ ಮೊಣಕೈಯ ಹಿಂದೆ ಸ್ಟೆತೊಸ್ಕೋಪ್ ಇಟ್ಟು ಎಣಿಸಬಹುದು. ಹೊರಗೆ ಕಲ್ಲಿನಂತೆ ನಿಂತ ಕುದುರೆಯ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ಹಣೆ ತಟ್ಟುವುದು, ಕತ್ತಿಗೆ ಪಟಪಟನೆ ಬಡಿಯುವುದು ನಮ್ಮ ಸಂತೋಷಕ್ಕೇ ಹೊರತು ಅದರದ್ದಕ್ಕಲ್ಲ.

ಗೌರವ ಎಂದರೇನು?

"ಕುದುರೆಗೆ ಯಜಮಾನ ಯಾರೆಂದು ತೋರಿಸಬೇಕು, ಆಗಲೇ ಅದು ಮರ್ಯಾದೆ ಕೊಡುತ್ತದೆ" ಎಂಬ ಮಾತನ್ನು ಟಾಂಗಾದವರಿಂದ ಹಿಡಿದು ದೊಡ್ಡ ಸವಾರಿ ಶಾಲೆಗಳ ತರಬೇತುದಾರರವರೆಗೆ ಎಲ್ಲರೂ ಹೇಳುತ್ತಾರೆ. ಹಿಂಡಿನ ನಾಯಕನ ಸ್ಥಾನವನ್ನು ಮನುಷ್ಯ ಪಡೆಯಬೇಕು ಎಂಬುದು ಇದರ ಶಾಸ್ತ್ರೀಯ ರೂಪ. ವೃತ್ತಾಕಾರದ ಬೇಲಿಯೊಳಗೆ ಕುದುರೆಯನ್ನು ಅಟ್ಟಿ ಅಟ್ಟಿ, ಅದು ನಮ್ಮ ಕಡೆ ತಿರುಗಿದೊಡನೆ ಅಟ್ಟುವುದನ್ನು ನಿಲ್ಲಿಸುವ ವಿಧಾನ ಬಹಳ ಜನಪ್ರಿಯ. ಕೊನೆಗೆ ಕುದುರೆ ಮನುಷ್ಯನ ಹಿಂದೆಯೇ ನಡೆಯುತ್ತದೆ. ನಾಯಕನನ್ನು ಒಪ್ಪಿಕೊಂಡಿತು ಎನ್ನುತ್ತಾರೆ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಮನುಷ್ಯನ ಬದಲು ರಿಮೋಟಿನಿಂದ ಓಡುವ ಆಟಿಕೆ ಕಾರನ್ನು ಬಳಸಿದರು. ಕುದುರೆ ಕಾರಿನ ಕಡೆ ತಿರುಗಿದಾಗ ಕಾರು ನಿಲ್ಲುತ್ತಿತ್ತು. ಕುದುರೆಗಳು ಕಾರಿನ ಹಿಂದೆಯೂ ನಡೆದವು! ಆಟಿಕೆ ಕಾರನ್ನು ಯಾವ ಕುದುರೆಯೂ ಹಿಂಡಿನ ನಾಯಕ ಎಂದು ತಿಳಿಯಲಾರದು. ಕೆಲಸ ಮಾಡಿದ್ದು ಕಾಟದಿಂದ ಸಿಕ್ಕ ಬಿಡುಗಡೆ.

ಹಾಗಾದರೆ ಗೌರವ ಎಂಬುದೇ ಇಲ್ಲವೇ? ಮೈಮೇಲೆ ಬೀಳುವ, ಕಾಲು ತುಳಿಯುವ, ಕೈಯಿಂದ ತಿನಿಸು ಕಿತ್ತುಕೊಳ್ಳುವ ಕುದುರೆ ಅಪಾಯಕಾರಿ ಎಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಗಡಿಯನ್ನು ಕಲಿಸಲೇಬೇಕು. ಆದರೆ ಗಡಿ ಕಲಿಯುವುದು ಗಡಿ ದಿನವೂ ಒಂದೇ ಕಡೆ ಇದ್ದಾಗ. ಇಂದು ಜೇಬಿಗೆ ಮೂತಿ ಹಾಕಿದರೆ ನಗುವುದು, ನಾಳೆ ಅದಕ್ಕೇ ಹೊಡೆಯುವುದು ಮಾಡಿದರೆ ಅದು ಕಲಿಯುವುದು ಒಂದೇ: ಮನುಷ್ಯ ಯಾವಾಗ ಏನು ಮಾಡುತ್ತಾನೆ ಹೇಳಲಾಗದು. ತಿನಿಸನ್ನು ಜೇಬಿನಿಂದ ತೆಗೆಯದೆ ಬಕೆಟ್ಟಿನಲ್ಲಿ ಇಡುವುದು, ಕುದುರೆ ಮುಖವನ್ನು ಅತ್ತ ತಿರುಗಿಸಿದಾಗ ಮಾತ್ರ ಕೊಡುವುದು, ಮುಂದೊತ್ತಿ ಬಂದಾಗ ಪ್ರತಿಸಲವೂ ಒಂದೇ ರೀತಿ ಹಿಂದೆ ಸರಿಸಿ, ಸರಿದೊಡನೆ ಒತ್ತಡ ಬಿಡುವುದು - ಇವುಗಳಿಂದಲೇ ಆ ಕೆಲಸ ಆಗುತ್ತದೆ. ಕುದುರೆಯ ಭಾಷೆಯಲ್ಲಿ ಗೌರವ ಎಂಬ ಪದ ಇದ್ದರೆ ಅದರ ಅರ್ಥ ಇದೇ ಇರಬೇಕು.

ಈ ವಿಷಯದಲ್ಲಿ ನಾವು ನಮ್ಮ ಮುಖವನ್ನೂ ಗಮನಿಸಬೇಕು. ಜರ್ಮನಿಯ ಹಾನ್ಸ್ ಎಂಬ ಕುದುರೆ ಗಣಿತ ಮಾಡುತ್ತದೆಂದು ಪ್ರಸಿದ್ಧವಾಗಿತ್ತು. ಉತ್ತರ ಎಷ್ಟೋ ಅಷ್ಟು ಸಲ ಗೊರಸು ಬಡಿಯುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಗುಟ್ಟನ್ನು ಬಯಲಿಗೆಳೆದರು: ಸರಿಯುತ್ತರ ಬಂದಾಗ ಪ್ರಶ್ನೆ ಕೇಳಿದವರು ತಮಗರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಅಲುಗಿಸುತ್ತಿದ್ದರು, ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಗಣಿತ ಬಾರದಿದ್ದರೇನು, ಆ ಕುದುರೆಯ ವೀಕ್ಷಣೆ ಅಸಾಮಾನ್ಯ! ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ 28 ಕುದುರೆಗಳಿಗೆ ಮನುಷ್ಯರ ಫೋಟೋ ತೋರಿಸಿದಾಗ, ಸಿಟ್ಟಿನ ಮುಖ ಕಂಡಾಗ ಅವುಗಳ ಹೃದಯ ಬಡಿತ ಬೇಗ ಏರಿತು, ಅವು ಎಡಗಣ್ಣಿನಿಂದ ನೋಡಲು ತಲೆ ತಿರುಗಿಸಿದವು. ಎಡಗಣ್ಣಿನ ಮಾಹಿತಿ ಹೆಚ್ಚಾಗಿ ಹೋಗುವುದು ಮಿದುಳಿನ ಬಲಭಾಗಕ್ಕೆ, ಅಪಾಯವನ್ನು ತೂಗುವ ಭಾಗಕ್ಕೆ. ಅದೇ ತಂಡ 2018ರಲ್ಲಿ ಇನ್ನೂ ಮುಂದೆ ಹೋಯಿತು. ಬೆಳಿಗ್ಗೆ ಒಬ್ಬ ವ್ಯಕ್ತಿಯ ಸಿಟ್ಟಿನ ಫೋಟೋ ನೋಡಿದ ಕುದುರೆ, ಕೆಲವು ಗಂಟೆಗಳ ನಂತರ ಅದೇ ವ್ಯಕ್ತಿ ನಿರ್ಭಾವದಿಂದ ಎದುರು ನಿಂತಾಗಲೂ ಎಡಗಣ್ಣಿನಿಂದಲೇ ನೋಡಿತು.

ಸ್ವೀಡನ್ನಿನ ಕೀಲಿಂಗ್ ಮತ್ತು ಸಂಗಡಿಗರ 2009ರ ಪ್ರಯೋಗ ನನಗೆ ಇನ್ನೂ ಇಷ್ಟ. ಕುದುರೆಯನ್ನು ಹಿಡಿದುಕೊಂಡು ಒಂದು ಜಾಗದಿಂದ ಇನ್ನೊಂದಕ್ಕೆ ಹಲವು ಸಲ ನಡೆಯಲು ಜನರಿಗೆ ಹೇಳಿದರು. ನಾಲ್ಕನೆಯ ಸಲ "ಈ ಬಾರಿ ನೀವು ಹೋಗುವಾಗ ಕೊಡೆ ಬಿಚ್ಚುತ್ತೇವೆ" ಎಂದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯನ ಹೃದಯ ಬಡಿತವೂ ಏರಿತು, ಕುದುರೆಯದೂ ಏರಿತು. ಕೊಡೆಯ ಮಾತು ಕುದುರೆಗೆ ಅರ್ಥವಾಗಿರಲಿಲ್ಲ, ಹಗ್ಗ ಹಿಡಿದ ಕೈ ಅರ್ಥವಾಗಿತ್ತು. "ಹೆದರಬೇಡ, ಹೆದರಬೇಡ" ಎನ್ನುತ್ತ ತಾನೇ ಹೆದರಿಕೊಂಡು ಹೋಗುವವನಿಗಿಂತ, ಇಂದು ಬೇಡ ಎಂದು ಬೇಲಿಯ ಹೊರಗೆ ಕುಳಿತುಕೊಳ್ಳುವವನೇ ಮೇಲು.

ಎಷ್ಟು ಕಾಲ ಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ಕೆಲವಕ್ಕೆ ವಾರಗಳು, ಕೆಲವಕ್ಕೆ ವರ್ಷ. ಅದಕ್ಕಿಂತ ಮುಖ್ಯವಾದದ್ದು ಭಯ ಹೇಗೆ ಹೋಗುತ್ತದೆ ಎಂಬುದು. ಪಾವ್ಲೋವನೇ ಗಮನಿಸಿದ್ದಂತೆ, ಅಳಿಸಿಹೋಯಿತೆಂದುಕೊಂಡ ಅನುಬಂಧಿತ ಪ್ರತಿಕ್ರಿಯೆ ಸ್ವಲ್ಪ ಕಾಲದ ವಿರಾಮದ ನಂತರ ತಾನಾಗಿ ಮರಳುತ್ತದೆ. ಹಳೆಯ ಕಲಿಕೆ ಅಳಿಯುವುದಿಲ್ಲ, ಅದರ ಮೇಲೆ ಹೊಸ ಕಲಿಕೆಯ ಪದರ ಬೀಳುತ್ತದೆ, ಅಷ್ಟೆ. ಈ ಹೊಸ ಪದರ ಜಾಗಕ್ಕೆ, ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ. ಆರು ತಿಂಗಳು ಒಬ್ಬನ ಕೈಯಲ್ಲಿ ಬೆಣ್ಣೆಯಂತಿದ್ದ ಕುದುರೆ, ಹೊಸ ಜಾಗದಲ್ಲಿ ಹೊಸಬ ಕೈ ಎತ್ತಿದೊಡನೆ ಮೊದಲ ದಿನದಂತೆ ಹಿಂದೆ ಹಾರಬಹುದು. ಇದು ಕೃತಘ್ನತೆಯಲ್ಲ. ಆದ್ದರಿಂದ ಒಬ್ಬನೇ ಆರೈಕೆ ಮಾಡಿ "ನನ್ನ ಮಾತು ಮಾತ್ರ ಕೇಳುತ್ತದೆ" ಎಂದು ಹೆಮ್ಮೆಪಡುವುದಕ್ಕಿಂತ, ನಾಲ್ಕು ಜನ, ನಾಲ್ಕು ಜಾಗಗಳಲ್ಲಿ ಅದೇ ಪಾಠವನ್ನು ಅದೇ ರೀತಿಯಲ್ಲಿ ಮಾಡುವುದು ಕುದುರೆಗೆ ಹಿತ. ಆ ಒಬ್ಬನಿಗೆ ಜ್ವರ ಬಂದ ದಿನ ಪಶುವೈದ್ಯರು ಬರಬಹುದಲ್ಲ!

ಪ್ರಗತಿಯ ಗುರುತಾಗಿ ನೋಡಬೇಕಾದ ಒಂದು ಸಂಗತಿ ರಾತ್ರಿ ನಡೆಯುತ್ತದೆ. ಕುದುರೆ ನಿಂತೇ ತೂಕಡಿಸಬಲ್ಲದು. ಆದರೆ ಕಣ್ಣುಗುಡ್ಡೆಗಳು ಚಲಿಸುವ ಗಾಢ ಘಟ್ಟದ ನಿದ್ರೆಗೆ ಅದು ಮಲಗಲೇಬೇಕು, ಏಕೆಂದರೆ ಆಗ ಸ್ನಾಯುಗಳು ಪೂರ್ತಿ ಸಡಿಲವಾಗುತ್ತವೆ. ದಿನಕ್ಕೆ ಸುಮಾರು ಅರ್ಧ ಗಂಟೆ ಸಾಕು, ಆದರೆ ಅಷ್ಟು ಬೇಕೇ ಬೇಕು. ಸುತ್ತಲಿನ ಜಾಗವನ್ನು ನಂಬದ ಕುದುರೆ ದಿನಗಟ್ಟಲೆ ಮಲಗುವುದಿಲ್ಲ. ನಿಂತಲ್ಲೇ ಮೊಣಕಾಲು ಕುಸಿದು ಎಚ್ಚರಗೊಳ್ಳುತ್ತದೆ. ಬೆಳಿಗ್ಗೆ ಅದರ ಪಕ್ಕೆಗೆ, ಕೆನ್ನೆಗೆ ಹುಲ್ಲಿನ ಎಸಳು ಅಂಟಿಕೊಂಡಿದ್ದರೆ ಅದು ಮಲಗಿತ್ತು ಎಂದರ್ಥ.

ಕಾಟಿಪಳ್ಳದ ಮಕ್ಕಳಿಗೆ ಕುದುರೆ ಸಿಗುವುದಿಲ್ಲ, ನಿಜ. ಆದರೆ ಪಲಾಯನ ದೂರವನ್ನು ಅಳೆಯಲು ಕುದುರೆಯೇ ಬೇಕಿಲ್ಲ. ಮನೆಯ ಆಡು, ಕೋಳಿ, ಅಂಗಳದ ಕಾಗೆ ಸಾಕು. (ಬೀದಿನಾಯಿ ಬೇಡ, ರೇಬಿಸ್ ಅಪಾಯವಿದೆ.) ಒಂದೇ ವೇಗದಲ್ಲಿ ನಡೆದುಹೋಗಿ, ಪ್ರಾಣಿ ಜಾಗ ಬಿಟ್ಟ ಕ್ಷಣದಲ್ಲಿ ನಿಂತು, ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿ. ಒಂದು ಗುಂಪು ಎರಡು ವಾರ ದಿನವೂ ಅದೇ ಹೊತ್ತಿಗೆ ಹೋಗಿ, ಪ್ರಾಣಿ ಸರಿಯುವ ಮೊದಲೇ ನಿಂತು, ಹಿಂದಿರುಗಲಿ. ಇನ್ನೊಂದು ಗುಂಪು ಇನ್ನೊಂದು ಪ್ರಾಣಿಯ ಬಳಿ ದಿನಕ್ಕೊಂದು ಹೊತ್ತಿಗೆ, ದಿನಕ್ಕೊಂದು ದಿಕ್ಕಿನಿಂದ ಹೋಗಲಿ. ಎರಡೂ ಗುಂಪಿನವರು ಅಂತರವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ಕೊನೆಯ ದಿನ, ಆವರೆಗೆ ಪ್ರಾಣಿಯ ಬಳಿ ಹೋಗದ ವಿದ್ಯಾರ್ಥಿಯೊಬ್ಬನನ್ನು ಕಳಿಸಿ, ಅವನಿಗೆ ಬಂದ ಅಂತರವನ್ನೂ ಅದೇ ಹಾಳೆಯಲ್ಲಿ ಬೇರೆ ಬಣ್ಣದಿಂದ ಗುರುತಿಸಿ.